ಗುಬ್ಬಿಯ ರಂಗಲಕ್ಷ್ಮಮ್ಮ ಮತ್ತು ಐದು ತೂತಿನ ಕುಡಿಕೆಗಳು

ಸಾವಿರದ ಒಂಬೈನೂರ ಎಂಬತ್ತೈದರ ಹೊತ್ತಿಗೆ ನೀವು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಂಡಕ್ಟರ್ ಆಂಜನಪ್ಪನ ಮನೆ ಎಲ್ಲಿ ಎಂದು ಕೇಳಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಕಳ್ಳಿ ರಂಗಲಕ್ಷ್ಮಮ್ಮನ ಮನೆ ಎಂದು ಕೇಳಬೇಕಿತ್ತು. ಆಗ ಟೀ ಅಂಗಡಿಯವನು ಲೋಟ ತೊಳೆಯುವುದು ಬಿಟ್ಟು ರಸ್ತೆಗೆ ಬಂದು, ಎಡಕ್ಕೆ ಹೋಗಿ, ಹಂಚಿನ ಮನೆಗಳು ಮುಗಿದ ಮೇಲೆ ಜಗಲಿ ತುಂಬ ಮುಳ್ಳು ಕಾಣುತ್ತದಲ್ಲ, ಅದೇ ಮನೆ ಎಂದು ಕೈ ತೋರಿಸುತ್ತಿದ್ದ. ನಾನೂರು ಕುಡಿಕೆಗಳಿದ್ದವು ಅಲ್ಲಿ. ಅಂಗೈಯಷ್ಟು, ಹೆಬ್ಬೆರಳಷ್ಟು, ಕಡಲೆಕಾಯಿಯಷ್ಟು ಗಿಡಗಳು. ತುಮಕೂರಿನಿಂದ ಕಾಲೇಜು ಹುಡುಗಿಯರು ನೋಟ್ ಬುಕ್ಕು ಹಿಡಿದುಕೊಂಡು ಬಂದು ಅವಳೆದುರು ನೆಲದ ಮೇಲೆ ಕೂರುತ್ತಿದ್ದರು. ಏಳನೇ ಕ್ಲಾಸು ಪಾಸಾಗಿದ್ದ ಹೆಂಗಸಿನ ಎದುರು!

ಆದರೆ ಅದಕ್ಕೆ ಹತ್ತು ವರ್ಷ ಹಿಂದೆ ಇದೇ ಹೆಂಗಸಿಗೆ ಇದೇ ಮನೆಯಲ್ಲಿ ಒಂದು ಹಿಡಿ ಮೆಂತ್ಯವನ್ನು ಮಣ್ಣಿಗೆ ಚೆಲ್ಲುವ ಹಕ್ಕಿರಲಿಲ್ಲ.

ಅದು ಹೀಗಾಗಿತ್ತು. ಹಾಗಲವಾಡಿ ಕಡೆಯ ಹುಡುಗಿ ರಂಗಲಕ್ಷ್ಮಿ ಮದುವೆಯಾಗಿ ಗುಬ್ಬಿಗೆ ಬಂದದ್ದು ಎಪ್ಪತ್ತೆರಡರ ಬೇಸಿಗೆಯಲ್ಲಿ. ಬಂದ ಮೊದಲ ಶುಕ್ರವಾರ ಅತ್ತೆ ಹನುಮಂತಮ್ಮ ಹೊಸ ತುಳಸಿ ಕಟ್ಟೆಗೆ ಸೊಸೆಯ ಕೈಯಿಂದಲೇ ಸಸಿ ನೆಡಿಸಿದಳು. ಒಂಬತ್ತನೆಯ ದಿನಕ್ಕೆ ಸಸಿ ಒಣಗಿ ಕಡ್ಡಿಯಾಯಿತು. ಉರಿಬಿಸಿಲಿನಲ್ಲಿ ಯಾರು ನೆಟ್ಟಿದ್ದರೂ ಒಣಗುತ್ತಿತ್ತು, ಆದರೆ ಅದನ್ನು ಹೇಳುವವರು ಯಾರು? ಅದರ ಮರುವಾರ ಅವಳು ಹೆಪ್ಪು ಹಾಕಿದ ಹಾಲು ಒಡೆಯಿತು. ಅಷ್ಟೇ. ಹನುಮಂತಮ್ಮ ತೀರ್ಪು ಕೊಟ್ಟುಬಿಟ್ಟಳು. "ಹುಡ್ಗಿ ಬಂಗಾರ. ಕೈಗುಣ ಮಾತ್ರ ಇಲ್ಲ."

ಆ ಮಾತಿನಲ್ಲಿ ಜಗಳವಿರಲಿಲ್ಲ, ದ್ವೇಷವಿರಲಿಲ್ಲ. ಅದೇ ಕಷ್ಟ. ಅತ್ತೆ ಸೊಸೆಗೆ ಹೊಟ್ಟೆ ತುಂಬ ಬಡಿಸುತ್ತಿದ್ದಳು, ಸೀರೆ ಕೊಡಿಸುತ್ತಿದ್ದಳು. ಆದರೆ ಉಪ್ಪಿನಕಾಯಿಗೆ ಉಪ್ಪು ಬೆರೆಸುವಾಗ, "ನೀನ್ ಆಚೆ ಕೂತ್ಕೊ ಮಗಾ." ಹಿತ್ತಲಲ್ಲಿ ಅವರೆ ಬೀಜ ಊರುವಾಗ, "ನೀನ್ ಮುಟ್ಬೇಡ ಮಗಾ." ಯಾರ ಮನೆಯ ಬಾಳೆಕಂದು ನೆಡುವಾಗಲೂ ರಂಗಲಕ್ಷ್ಮಮ್ಮ ನೀರಿನ ಕೊಡ ಹೊತ್ತು ದೂರ ನಿಲ್ಲಬೇಕು. ನಾಲ್ಕು ವರ್ಷ ನಿಂತಳು. ತನ್ನ ಅಂಗೈಯನ್ನು ತಾನೇ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು. ಬೇರೆಯವರ ಕೈಗಿಂತ ಇದರಲ್ಲಿ ಏನು ಕಡಿಮೆ?

ಎಪ್ಪತ್ತಾರರ ಮಳೆಗಾಲದಲ್ಲಿ ಒಂದು ದಿನ ಆಂಜನಪ್ಪನ ಬಸ್ಸಿಗೆ ಕುಣಿಗಲ್ಲಿನಲ್ಲಿ ಒಬ್ಬ ದೊಡ್ಡ ಹೆಂಗಸು ಹತ್ತಿದಳು. ತುಮಕೂರಿನ ಇಂಜಿನಿಯರ್ ಒಬ್ಬರ ಹೆಂಡತಿ, ಸರ್ವಮಂಗಳ ಅಂತ. ಜೀಪು ಕೆಟ್ಟಿತ್ತಂತೆ, ಅದಕ್ಕೇ ಬಸ್ಸು. ತೊಡೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ ಪಿಂಗಾಣಿ ಕಪ್ಪುಗಳಲ್ಲಿ ಮುಳ್ಳಿನ ಗಿಡಗಳು. ಹೆಬ್ಬೂರು ದಾಟಿದ ಮೇಲೆ ಎಮ್ಮೆ ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದ ನೋಡಿ, ಬುಟ್ಟಿ ಹಾರಿತು. ಸರ್ವಮಂಗಳಮ್ಮ ಗಿಡಗಳನ್ನೆಲ್ಲ ಎತ್ತಿಕೊಂಡಳು. ಮುರಿದ ತುಂಡುಗಳು ಸೀಟಿನ ಕೆಳಗೆ ಉಳಿದವು.

"ಅಮ್ಮಾವ್ರೇ, ಇವು ಬಿದ್ದವಲ್ಲ," ಎಂದ ಆಂಜನಪ್ಪ ತುಮಕೂರಿನಲ್ಲಿ.

"ಅವನ್ನೇನು ಮಾಡ್ಲಿ ಕಂಡಕ್ಟರೇ, ಬಿಸಾಕಿ. ಬೇಕಾದ್ರೆ ನೀವೇ ಇಟ್ಕೊಳ್ಳಿ. ಇವೆಲ್ಲ ನಾಜೂಕಿನ ಗಿಡ, ನಮ್ಮನೇಲೇ ಅರ್ಧ ಸಾಯ್ತವೆ. ನಿಮ್ಮನೇಲಿ ಬದುಕಿದ್ರೆ ಹೇಳಿ ಕಳಿಸಿ, ನಾನೇ ಬಂದು ನೋಡ್ತೀನಿ!" ಎಂದು ನಕ್ಕು ಇಳಿದುಹೋದಳು.

ಆಂಜನಪ್ಪ ಎಂಥವನೆಂದರೆ ಕಸಕ್ಕೆ ಹೋಗುವ ಯಾವುದನ್ನೂ ಬಿಟ್ಟುಬರುವ ಜೀವವಲ್ಲ. ಹದಿನೈದು ತುಂಡುಗಳನ್ನು ಬಾಚಿ ಚರ್ಮದ ಬ್ಯಾಗಿಗೆ ಹಾಕಿಕೊಂಡ. ಆಮೇಲೆ ಮರೆತ. ಗುಬ್ಬಿ ರಸ್ತೆಯಲ್ಲಿ ಯಾರಿಗೋ ಚಿಲ್ಲರೆ ಕೊಡಲು ಬ್ಯಾಗಿಗೆ ಕೈ ಹಾಕಿ "ಅಯ್ಯಯ್ಯೋ!" ಎಂದು ಕಿರುಚಿದಾಗ ಇಡೀ ಬಸ್ಸೇ ಎದ್ದು ನಿಂತಿತು.

ಮನೆಗೆ ಬಂದವನೇ ಬ್ಯಾಗನ್ನು ಹೆಂಡತಿಯ ಮುಂದೆ ಕವುಚಿದ. "ತಗಳೇ ರಂಗಿ, ನಿನ್ ಪಾಲು. ಹುಷಾರು, ಕಚ್ತವೆ."

ಹನುಮಂತಮ್ಮ ಬಾಗಿಲಿನಿಂದ ನೋಡಿದಳು. "ಊರ್ನಾಗೆ ಗಂಡಸ್ರು ಮನೆಗೆ ಹೂವ ತತ್ತಾರೆ, ಹಣ್ಣು ತತ್ತಾರೆ. ನನ್ ಮಗ ಕಳ್ಳಿ ತಂದವ್ನೆ. ಕಳ್ಳಿ ಹಾಲು ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತದೆ ಕಣ್ಲಾ!"

"ಬುಡವ್ವ, ಅವ್ಳೇನ್ ಕಣ್ಣಿಗೆ ಹಾಕ್ಕಂತಾಳಾ?"

ಮುಳ್ಳಿನ ಗಿಡ ತುಳಸಿಯಲ್ಲ, ಬಾಳೆಯಲ್ಲ, ಬೀಜವಲ್ಲ. ಅದನ್ನು ಮುಟ್ಟಬೇಡ ಎಂದು ಹೇಳಲು ಹನುಮಂತಮ್ಮನಿಗೆ ಕಾರಣ ಸಿಗಲಿಲ್ಲ. ಹೀಗೆ ನಾಲ್ಕು ವರ್ಷದ ಮೇಲೆ ಮೊದಲ ಸಲ ರಂಗಲಕ್ಷ್ಮಮ್ಮನ ಕೈ ಮಣ್ಣಿಗೆ ತಾಗಿತು.

ಆಗ ಅವಳು ಮಾಡಿದ್ದೇನು ಗೊತ್ತೇ? ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದಳು. ಹಾಲಿನ ಪುಡಿ ಡಬ್ಬ, ಒಡೆದ ಲೋಟ, ಎಣ್ಣೆ ಕುಡಿಕೆ, ಸಿಕ್ಕಿದ್ದಕ್ಕೆಲ್ಲ ಕೆಮ್ಮಣ್ಣು ತುಂಬಿ, ಸಗಣಿ ಗೊಬ್ಬರ ಬೆರೆಸಿ, ಹದಿನಾಲ್ಕು ತುಂಡುಗಳನ್ನು ಅದೇ ಸಂಜೆ ಊರಿದಳು. ಹದಿನೈದನೆಯದು ಎಲ್ಲೋ ಉರುಳಿಹೋಗಿತ್ತು, ಸಿಗಲಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ, ತುಳಸಿಗೆ ಹಾಕುವಂತೆ ಒಂದೊಂದಕ್ಕೂ ಒಂದೊಂದು ಲೋಟ ನೀರು. ಎಲ್ಲಿ ಒಣಗಿಬಿಡುತ್ತವೋ, ಎಲ್ಲಿ ಮತ್ತೆ ಕೈಗುಣದ ಮಾತು ಬರುತ್ತದೋ ಎಂದು ಸಂಜೆಯೂ ಒಂದು ಲೋಟ.

ಇಪ್ಪತ್ತು ದಿನಕ್ಕೆ ಹದಿನಾಲ್ಕೂ ಸತ್ತವು. ಬೆರಳಿಟ್ಟರೆ ಕೊಳೆತ ಬಾಳೆಹಣ್ಣಿನಂತೆ ಒಳಗೆ ಹೋಗುತ್ತಿತ್ತು.

ಹನುಮಂತಮ್ಮ ಬೈಯಲಿಲ್ಲ. ಸೊಸೆಯ ತಲೆ ಸವರಿ, "ಹೋಗ್ಲಿ ಬುಡು ಮಗಾ, ಅದು ನಿನ್ ತಪ್ಪಲ್ಲ, ಹಣೇಬರ," ಎಂದಳು. ಬೈದಿದ್ದರೆ ರಂಗಲಕ್ಷ್ಮಮ್ಮ ತಡೆದುಕೊಳ್ಳುತ್ತಿದ್ದಳು. ಈ ಸಮಾಧಾನ ಮಾತ್ರ ಎದೆಗೆ ಬಂದು ಚುಚ್ಚಿತು.

ಗೌರಿ ಹಬ್ಬಕ್ಕೆ ಮನೆ ಸಾರಿಸುವಾಗ ಅವಳು ರಾಗಿ ಡಬ್ಬವನ್ನು ಸರಿಸಿದಳು. ಹಿಂದೆ ಧೂಳಿನಲ್ಲಿ ಕಳೆದುಹೋದ ಹದಿನೈದನೆಯ ತುಂಡು. ನಿಂಬೆಹಣ್ಣಿನಷ್ಟು ದುಂಡಗೆ, ಮೈತುಂಬ ಬಿಳಿ ಎಳೆ. ಆರು ವಾರ ಮಣ್ಣು ಕಂಡಿಲ್ಲ, ಒಂದು ಹನಿ ನೀರು ಕಂಡಿಲ್ಲ. ಎತ್ತಿ ತಿರುಗಿಸಿದಳು. ಮುರಿದ ಜಾಗ ಒಣಗಿ, ಅಂಗಾಲಿನ ಚರ್ಮದ ಹಾಗೆ ಗಟ್ಟಿಯಾಗಿತ್ತು. ಅದರ ಅಂಚಿನಿಂದ, ಗುಲಾಬಿ ಬಣ್ಣದ, ದಾರದಷ್ಟು ಸಣ್ಣ ನಾಲ್ಕು ಬೇರುಗಳು ಹೊರಬಂದಿದ್ದವು. ಗಾಳಿಯಲ್ಲಿ!

ರಂಗಲಕ್ಷ್ಮಮ್ಮ ಕೈಯಲ್ಲಿದ್ದ ಸಾರಣೆ ಬಟ್ಟೆ ಬಿಟ್ಟು ಅಲ್ಲೇ ಕುಕ್ಕರಿಸಿದಳು. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ಏನು ಮಾಡುತ್ತೇವೆ? ನೀರು ತಾಗಿಸದೆ ಗಾಯ ಒಣಗಲು ಬಿಡುತ್ತೇವೆ. ತಾನೋ, ಮುರಿದ ಹಸಿ ಗಾಯವನ್ನು ಗೊಬ್ಬರದಲ್ಲಿ ಹೂತು ದಿನಕ್ಕೆರಡು ಸಲ ನೀರು ಸುರಿದಿದ್ದಳು. ಗಿಡಗಳನ್ನು ಕೊಂದದ್ದು ಕೈಯಲ್ಲ, ಕಕ್ಕುಲಾತಿ.

"ರೀ," ಎಂದಳು ಆವತ್ತು ಸಂಜೆ ಗಂಡನಿಗೆ, "ಇನ್ನೊಂದಷ್ಟು ಮುಳ್ಳು ತಂದ್ಕೊಡ್ರಿ."

"ಇನ್ನೂ ಬುದ್ಧಿ ಬಂದಿಲ್ವಾ?"

"ಇವಾಗ್ ಬಂದೈತೆ. ಅದ್ಕೇ ಕೇಳ್ತಿರೋದು."

ಮಾರ್ಕೋನಹಳ್ಳಿ ಡ್ಯಾಮಿನ ಪ್ರವಾಸಿ ಬಂಗಲೆಯಲ್ಲಿ ಓಬಳಯ್ಯ ಎಂಬ ತೋಟದ ಮಾಲಿಯಿದ್ದ. ಯಾವ ಕಾಲದಲ್ಲೋ ಯಾವ ಸಾಹೇಬರೋ ನೆಡಿಸಿದ್ದ ಮುಳ್ಳಿನ ಗಿಡಗಳು ಅಲ್ಲಿ ಕಲ್ಲುಗಳ ಮಧ್ಯೆ ಹಬ್ಬಿದ್ದವು. ಆಂಜನಪ್ಪ ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು ಹೋದ. ಓಬಳಯ್ಯ ಎರಡು ಕೈ ಎತ್ತಿ ಮುಗಿದ. "ತಗಂಡೋಗ್ ತಾಯಿ, ಎಷ್ಟ್ ಬೇಕಾದ್ರೂ ತಗಂಡೋಗು. ಎಲ್ಲಾ ಕಳ್ಳಿನೇ. ಸವರಿ ಸವರಿ ನನ್ ಕೈ ಜರಡಿ ಆಗೈತೆ."

ಎಲ್ಲಾ ಕಳ್ಳಿಯೇ? ರಂಗಲಕ್ಷ್ಮಮ್ಮ ಅತ್ತೆಯ ಮಾತು ನೆನೆದು, ಸೀರೆಯ ಪಿನ್ನು ತೆಗೆದು ಒಂದೊಂದು ತುಂಡಿಗೂ ಚುಚ್ಚಿದಳು. ಕೆಲವಕ್ಕೆ ಹಾಲು ಬಂತು. ಕೆಲವಕ್ಕೆ ಬರೀ ನೀರು. ಬೇಲಿಯ ಕಳ್ಳಿಗೆ ಹಾಲಿರುತ್ತದೆ, ಸರಿ. ಹಾಗಾದರೆ ಹಾಲಿಲ್ಲದ ಇವು ಯಾರ ಮನೆಯವು? ಎರಡು ಗುಂಪು ಮಾಡಿ ಎರಡು ಬೇರೆ ಚೀಲಕ್ಕೆ ಹಾಕಿಕೊಂಡಳು. ಮನೆಗೆ ತಂದು ಹತ್ತು ದಿನ ನೆರಳಿನಲ್ಲಿ ಗಾಯ ಒಣಗಿಸಿದಳು. ಆ ಹತ್ತು ದಿನ ಕಿಟಕಿಯ ಬೆಳಕಿನಲ್ಲಿ ಅವನ್ನು ಹಿಡಿದು ನೋಡಿದ್ದೇ ನೋಡಿದ್ದು. ಕೊನೆಗೆ ಕಣ್ಣಿಗೆ ಬಿತ್ತು. ಹಾಲಿನವಕ್ಕೆ ಮುಳ್ಳು ಸೀದಾ ಮೈಯಿಂದಲೇ ಎದ್ದಿರುತ್ತದೆ. ನೀರಿನವಕ್ಕೆ ಪ್ರತಿ ಮುಳ್ಳಿನ ಬುಡದಲ್ಲೂ ಎಳ್ಳಿನಷ್ಟು ಗಾತ್ರದ ಒಂದು ಹತ್ತಿಯ ದಿಂಬು. ಅಲ್ಲಿಂದ ಮುಳ್ಳುಗಳು ಗುಂಪಾಗಿ ಏಳುತ್ತವೆ. ಒಮ್ಮೆ ಕಂಡ ಮೇಲೆ ಅವಳು ಪಿನ್ನು ಚುಚ್ಚುವುದನ್ನು ಬಿಟ್ಟಳು. ದೂರದಿಂದಲೇ ಹೇಳುತ್ತಿದ್ದಳು, ಇದು ದಿಂಬಿನದು, ಇದು ಹಾಲಿನದು.

ಹೆಸರುಗಳನ್ನೂ ಅವಳೇ ಇಟ್ಟಳು. ಚಪ್ಪಟೆ ಜೋಡಿ ಎಲೆಯದು ಮೊಲದ ಕಿವಿ. ತುದಿ ಬಾಗಿದ ಮುಳ್ಳಿನದು ಮೀನಿನ ಗಾಳ. ಮೈಮೇಲೆ ಎಂಟು ಏಣು, ಎಂಟು ಉಬ್ಬುಗೆರೆ ಇದ್ದದ್ದು ಎಂಟು ಕಟ್ಟಿನ ದಿಂಡು. ರಾಗಿ ಡಬ್ಬದ ಹಿಂದೆ ಸಿಕ್ಕಿದ ಆ ಬಿಳಿಯದು ಹತ್ತಿಗುಂಡು.

ಎಪ್ಪತ್ತೇಳು ಹೀಗೆ ಹೋಯಿತು. ಗಿಡಗಳು ಬೇರು ಬಿಟ್ಟವು, ಚಿಗುರಿದವು. ಆದರೆ ಎಪ್ಪತ್ತೆಂಟರ ಮಳೆ ಹಿಡಿದಾಗ ಮತ್ತೆ ಕೊಳೆಯಲು ಶುರು. ದಿನಾ ಒಂದು. ರಂಗಲಕ್ಷ್ಮಮ್ಮನಿಗೆ ಊಟ ಸೇರಲಿಲ್ಲ. ಒಂದೇ ಒಂದು ಕುಡಿಕೆಯಲ್ಲಿ ಮಾತ್ರ ಹತ್ತಿಗುಂಡು ಮಳೆಯಲ್ಲಿ ನೆಂದೂ ಉಬ್ಬಿಕೊಂಡು ಕುಳಿತಿತ್ತು. ಎತ್ತಿ ನೋಡಿದರೆ ಆ ಕುಡಿಕೆಯ ತಳ ಸೀಳಿತ್ತು. ನೀರೆಲ್ಲ ಇಳಿದುಹೋಗಿತ್ತು.

ಮರುದಿನ ಬೆಳಗ್ಗೆಯೇ ಅವಳು ಕುಂಬಾರ ಹೊನ್ನಯ್ಯನ ಮನೆಗೆ ಹೋದಳು. "ಹೊನ್ನಣ್ಣ, ಸಣ್ಣ ಕುಡಿಕೆ ಮೂವತ್ತು ಬೇಕಿತ್ತು. ತಳದಲ್ಲಿ ತೂತು ಇರ್ಬೇಕು."

ಹೊನ್ನಯ್ಯನ ಕೈಯಲ್ಲಿ ತಿರುಗುತ್ತಿದ್ದ ಚಕ್ರ ನಿಂತಿತು. "ಯಾರವ್ವ ಹೋಗಿದ್ದು?"

"ಯಾರೂ ಹೋಗಿಲ್ಲ ಕಣಣ್ಣ."

"ಮತ್ತೆ ತೂತಿನ ಮಡ್ಕೆ ಅಂತೀಯ?"

ಅವನ ಗಾಬರಿ ಸುಮ್ಮನೆ ಬಂದದ್ದಲ್ಲ. ನಮ್ಮಲ್ಲಿ ಮಡಕೆಗೆ ತೂತು ಹೊಡೆಯುವುದು ಒಂದೇ ಕಡೆ. ಮಣ್ಣು ಮಾಡುವ ಜಾಗದಲ್ಲಿ, ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸತ್ತವರನ್ನು ಸುತ್ತುವಾಗ, ಸುತ್ತಿಗೊಂದರಂತೆ ಮೂರು ತೂತು. ಅದಕ್ಕೇ ಕುಂಬಾರನ ಮನೆಯಿಂದ ತೂತಿನ ಮಡಕೆ ಯಾವತ್ತೂ ಹೊರಬಿದ್ದಿರಲಿಲ್ಲ.

"ನಮ್ಮಪ್ಪ, ನಮ್ಮ ತಾತ, ಯಾರೂ ಮಾಡಿಲ್ಲ. ನಾನೂ ಮಾಡಾಕಿಲ್ಲ. ಒಂದಲ್ಲ, ಮೂವತ್ತು! ಊರಿಗೇ ಚಟ್ಟ ಕಟ್ಟುಸ್ತೀಯಾ?" ಎಂದ ಹೊನ್ನಯ್ಯ.

ರಂಗಲಕ್ಷ್ಮಮ್ಮ ಹೊಸಿಲಿನ ಮೇಲೆ ಕುಳಿತೇಬಿಟ್ಟಳು. "ಹೊನ್ನಣ್ಣ, ಈಶ್ವರನ ಗುಡೀಲಿ ಲಿಂಗದ ಮೇಲೆ ಒಂದು ಪಾತ್ರೆ ನೇತು ಹಾಕವ್ರಲ್ಲ, ತೊಟ್ಟು ತೊಟ್ಟು ನೀರ್ ಬೀಳ್ತದಲ್ಲ, ಅದ್ರ ತಳದಲ್ಲಿ ಏನೈತೆ?"

ಹೊನ್ನಯ್ಯ ಗುಡಿಯ ಕಡೆಗೆ ತಿರುಗಿ ನೋಡಿದ.

"ದೇವರ ತಲೆ ಮೇಲೆ ತೂತಿನ ಪಾತ್ರೆ ಇದ್ರೆ ಒಳ್ಳೇದು, ಗಿಡದ ಬುಡುಕ್ಕಿದ್ರೆ ಕೆಟ್ಟದ್ದಾ? ಹೇಳಪ್ಪ ನೀನೇ."

ತುಂಬ ಹೊತ್ತು ಹೊನ್ನಯ್ಯ ಜೇಡಿಮಣ್ಣನ್ನು ತಟ್ಟಿದ್ದೇ ತಟ್ಟಿದ್ದು. ಆಮೇಲೆ, "ಮೂರು ಮಾಡಾಕಿಲ್ಲ," ಎಂದ.

"ಬ್ಯಾಡ."

"ಒಂದೂ ಮಾಡಾಕಿಲ್ಲ, ಒಂಟಿ ಆಯ್ತದೆ. ಐದ್ ಮಾಡ್ತೀನಿ. ಐದು ಮುತ್ತೈದೆ ಲೆಕ್ಕ. ಯಾರಾನಾ ಕೇಳಿದ್ರೆ ನಾನ್ ಮಾಡ್ಕೊಟ್ಟೆ ಅನ್ಬ್ಯಾಡ."

ಹೀಗೆ ಹುಟ್ಟಿದವು ಐದು ತೂತಿನ ಕುಡಿಕೆಗಳು. ಹಸಿಯಿದ್ದಾಗಲೇ ಜೋಳದ ಕಡ್ಡಿಯಲ್ಲಿ ಚುಚ್ಚಿದ ತೂತುಗಳು, ಅಂಗೈಯಷ್ಟು ತಳದಲ್ಲಿ ಹೂವಿನಂತೆ.

ಆದರೆ ಮೂವತ್ತು ಕುಡಿಕೆಗಳನ್ನು ಬುಟ್ಟಿಯಲ್ಲಿ ಹೊತ್ತು ಹಗಲುಹೊತ್ತಿನಲ್ಲಿ ಬೀದಿ ದಾಟುವುದು ಹೇಗೆ? ಎದುರು ಮನೆಯ ಕರಿಬಸಮ್ಮ ಒಂದನ್ನು ಎತ್ತಿ ಸೂರ್ಯನಿಗೆ ಹಿಡಿದು ನೋಡಿದಳು. ಐದು ಬೆಳಕಿನ ಚುಕ್ಕೆ ಅವಳ ಮುಖದ ಮೇಲೆ ಬಿದ್ದವು. "ಅಯ್ಯೋ ಶಿವನೇ! ಹನುಮಂತಕ್ಕಾ, ಬಾ ಇಲ್ಲಿ, ನಿನ್ ಸೊಸೆ ಏನ್ ಹೊತ್ಕಂಡ್ ಬಂದವ್ಳೆ ನೋಡು!"

ಹನುಮಂತಮ್ಮ ಹೊರಗೆ ಬಂದಳು. ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನಿನ್ನೂ ಉಸ್ರಾಡ್ತಾ ಇವ್ನಿ ಕಣೇ!" ಎಂದಳು. "ಮನೇಲಿರೋದೇ ಮೂರ್ ತಲೆ. ಮೂವತ್ತು ತಂದಿದ್ದೀಯಲ್ಲ, ಮಿಕ್ಕಿದ್ದು ಯಾರ್ಗೆ, ಕರಿಬಸಿ ಮನೆಗಾ?"

"ಥೂ, ನಮ್ಮನೆ ಸುದ್ದಿಗ್ ಬರ್ಬೇಡಿ," ಎಂದು ಕರಿಬಸಮ್ಮ ಕುಡಿಕೆ ಕೆಳಗಿಟ್ಟು ಓಡಿದಳು.

ಅವತ್ತು ಮೊದಲ ಸಲ ಅತ್ತೆ ಸೊಸೆಯ ಜಗಳವಾಯಿತು. ನಿಜವಾದ ಜಗಳ, ಗಂಟಲು ಹರಿಯುವಂಥದ್ದು. "ಕೈಗುಣ ಇಲ್ದಿದ್ರೆ ಹೋಗ್ಲಿ ಅಂತ ಬುಟ್ಟಿದ್ದೆ. ಈಗ ಸುಡುಗಾಡನ್ನೇ ಮನೆಗ್ ತಂದವ್ಳೆ. ನಾಳೆನೇ ಎಲ್ಲಾ ತಿಪ್ಪೆಗೆ!" ಎಂದಳು ಹನುಮಂತಮ್ಮ. ಆಂಜನಪ್ಪ ಟೋಪಿ ತಲೆಗೆ ಹಾಕಿ, ತೆಗೆದು, ಮತ್ತೆ ಹಾಕಿ ಮಧ್ಯೆ ನಿಂತಿದ್ದ.

ರಂಗಲಕ್ಷ್ಮಮ್ಮ ಅಳಲಿಲ್ಲ. "ಅತ್ತೆ, ತುಮಕೂರಲ್ಲಿ ಜನವರೀಲಿ ಗಿಡದ ಪ್ರದರ್ಶನ ಐತಂತೆ. ಬಸ್ ಸ್ಟ್ಯಾಂಡಲ್ಲಿ ಪೋಸ್ಟರ್ ಹಾಕವ್ರಂತೆ. ಮುಳ್ಳಿನ ಗಿಡಕ್ಕೇ ಬೇರೆ ಪೈಪೋಟಿ. ಹನ್ನೆರಡು ಗಿಡ, ಬೇರು ಬಿಟ್ಟಿರ್ಬೇಕು, ಹೆಸ್ರು ಬರ್ದಿರ್ಬೇಕು. ನಾನು ಹಾಕ್ತೀನಿ. ತಿಳಿದೋರು ನೋಡಿ ನನ್ ಕೈ ಕೆಟ್ಟದ್ದು ಅಂದ್ರೆ ನಾನೇ ಒಂದೊಂದಾಗಿ ತಿಪ್ಪೆಗೆ ಹಾಕಿ, ಇನ್ ಮೇಲೆ ಸಾಯೋಗಂಟ ಮಣ್ಣು ಮುಟ್ಟಾಕಿಲ್ಲ."

"ಚೆನ್ನಾಗೈತೆ ಅಂದ್ರೆ?"

"ಅಂದ್ರೆ ಕೈಗುಣದ ಮಾತು ಈ ಮನೇಲಿ ಇನ್ನೊಂದ್ ಸಲ ಬರ್ಬಾರ್ದು."

ಹನುಮಂತಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಆಯ್ತು. ನಾನೂ ಬತ್ತೀನಿ. ನಿನ್ ಬಾಯಿ ಮಾತು ನಂಬಾಕಿಲ್ಲ, ನನ್ ಕಿವೀಲಿ ಕೇಳ್ಬೇಕು."

ಆ ಐದು ತಿಂಗಳು ಆ ಮನೆಯಲ್ಲಿ ಉಸಿರು ಬಿಗಿಹಿಡಿದ ಹಾಗಿತ್ತು. ರಂಗಲಕ್ಷ್ಮಮ್ಮ ಕೆರೆಯ ಮರಳು, ಇದ್ದಿಲ ಚೂರು, ಸ್ವಲ್ಪವೇ ಸ್ವಲ್ಪ ಹಳೆಯ ಗೊಬ್ಬರ ಜರಡಿ ಹಿಡಿದು ಬೆರೆಸಿದಳು. ತಳಕ್ಕೆ ಹಂಚಿನ ಚೂರು. ಇಕ್ಕಳದಲ್ಲಿ ಗಿಡ ಹಿಡಿದು, ಕುತ್ತಿಗೆಯವರೆಗೆ ಹೂಳದೆ ಸುಮ್ಮನೆ ಮೇಲೆ ಕೂರಿಸಿದಳು. ನೀರು ವಾರಕ್ಕೊಂದು ಸಲ. ಕೈ ತುರಿಸುತ್ತಿತ್ತು ನೀರು ಹಾಕಲು, ಹಾಕಲಿಲ್ಲ. ಸುಮ್ಮನಿರುವುದೇ ಅವಳು ಕಲಿತ ಅತ್ಯಂತ ಕಷ್ಟದ ಕೆಲಸ.

ಎಪ್ಪತ್ತೊಂಬತ್ತರ ಜನವರಿ ಬಂತು. ಹನ್ನೆರಡು ಕುಡಿಕೆಗಳು ಗಂಡನ ಬಸ್ಸಿನಲ್ಲೇ ಹೊರಟವು. ಹನ್ನೊಂದನ್ನು ತೌಡಿನ ಬುಟ್ಟಿಯಲ್ಲಿ ಇಂಜಿನ್ ಪಕ್ಕ ಇಟ್ಟದ್ದಾಯಿತು. ಹತ್ತಿಗುಂಡಿಗೆ ಜಾಗ ಸಾಲಲಿಲ್ಲ. ಅದು ಈಗ ಒಂದಲ್ಲ, ತಾಯಿಯ ಸುತ್ತ ಏಳು ಮರಿ, ತಾಯಿಯ ತಲೆಯ ಸುತ್ತ ಗುಲಾಬಿ ಹೂವಿನ ಉಂಗುರ. ರಂಗಲಕ್ಷ್ಮಮ್ಮ ಅದನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು. ಬಸ್ಸು ಒಮ್ಮೆ ಜೋಲಿ ಹೊಡೆಯಿತು.

"ಕೊಡಿಲ್ಲಿ," ಎಂದಳು ಸೀಟಿನಲ್ಲಿ ಕುಳಿತಿದ್ದ ಹನುಮಂತಮ್ಮ, ಕಿಟಕಿಯಾಚೆ ನೋಡುತ್ತ. "ನೀನ್ ಬಿದ್ರೂ ಪರ್ವಾಗಿಲ್ಲ, ಬಸ್ಸೆಲ್ಲ ಮಣ್ಣಾಯ್ತದೆ."

ಪಕ್ಕದಲ್ಲಿದ್ದ ಒಬ್ಬ ಗಂಡಸು ಇಣುಕಿದ. "ಏನಜ್ಜಿ, ಕಳ್ಳೀನ ಮಡ್ಲಲ್ಲಿ ಇಟ್ಕಂಡ್ ಹೊಂಟಿದ್ದೀರಾ? ಬೇಲಿಗಾ?"

"ಕಣ್ ಕಾಣ್ಸಾಕಿಲ್ವಾ ನಿಂಗೆ?" ಎಂದು ಹನುಮಂತಮ್ಮ ತಿರುಗಿಬಿದ್ದಳು. "ಕಳ್ಳಿಗೆ ಹಾಲಿರ್ತದೆ. ಇದಕ್ಕಿಲ್ಲ. ಮುಳ್ಳಿನ ಬುಡದಾಗೆ ದಿಂಬೈತೆ ನೋಡು. ನೋಡಾಕ್ ಬರ್ದಿದ್ರೆ ಬಾಯ್ ಮುಚ್ಕಂಡ್ ಕೂತ್ಕೊ."

ಆಂಜನಪ್ಪ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಹೆಂಡತಿಯನ್ನು ನೋಡಿದ. ರಂಗಲಕ್ಷ್ಮಮ್ಮ ತುಟಿ ಕಚ್ಚಿಕೊಂಡು ರಸ್ತೆ ನೋಡಿದಳು. ಅತ್ತೆಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ಐದು ತಿಂಗಳು ಅಡುಗೆಮನೆಯ ಬಾಗಿಲಿನಿಂದ ಮುದುಕಿ ಎಲ್ಲವನ್ನೂ ನೋಡಿದ್ದಳು.

ತುಮಕೂರಿನ ಮೈದಾನದಲ್ಲಿ ಶಾಮಿಯಾನ. ಉದ್ದದ ಮೇಜು, ಬಿಳಿ ಬಟ್ಟೆ. ಒಂದು ತುದಿಗೆ ಸರ್ವಮಂಗಳಮ್ಮನ ಹನ್ನೆರಡು ಪಿಂಗಾಣಿ ಕಪ್ಪುಗಳು, ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಚೀಟಿಗಳು. ಮೂರು ವರ್ಷದಿಂದ ಮೊದಲ ಬಹುಮಾನ ಅವಳದೇ. ಇನ್ನೊಂದು ತುದಿಗೆ ಮಣ್ಣಿನ ಕುಡಿಕೆಗಳು, ಪೆನ್ಸಿಲಿನಲ್ಲಿ ಬರೆದ ಕನ್ನಡ ಚೀಟಿಗಳು. ಮೊಲದ ಕಿವಿ. ಮೀನಿನ ಗಾಳ. ಎಂಟು ಕಟ್ಟಿನ ದಿಂಡು. ಜನ ಬಂದು ಓದಿ ಓದಿ ನಕ್ಕರು. ರಂಗಲಕ್ಷ್ಮಮ್ಮನ ಕಿವಿ ಕೆಂಪಾಯಿತು.

ತೀರ್ಪು ಕೊಡಲು ಬೆಂಗಳೂರಿನಿಂದ ಗಿಡದ ಶಾಸ್ತ್ರ ಓದಿದ ಮೇಷ್ಟರು ಬಂದಿದ್ದರು. ಬಿಳಿ ಕೂದಲು, ದಪ್ಪ ಕನ್ನಡಕ. ಎರಡೂ ತುದಿಗೆ ಮೂರು ಮೂರು ಸಲ ಓಡಾಡಿದರು. "ಬೇರು ನೋಡ್ಬೇಕು," ಎಂದರು. ಸರ್ವಮಂಗಳಮ್ಮನ ಕಪ್ಪುಗಳನ್ನು ಅಲ್ಲಾಡಿಸಿದರೆ ಎರಡು ಗಿಡ ಬೇರಿಲ್ಲದೆ ವಾಲಿದವು. ಇತ್ತ ಬಂದು ಹತ್ತಿಗುಂಡಿನ ಕುಡಿಕೆಯನ್ನು ಎತ್ತಿ ತಳ ನೋಡಿದರು. ಐದು ತೂತುಗಳಿಂದಲೂ ಬಿಳಿ ಬೇರಿನ ತುದಿಗಳು ಹೊರಗಿಣುಕುತ್ತಿದ್ದವು.

"ಈ ಕುಡಿಕೆ ಎಲ್ಲಿ ತಗೊಂಡ್ರಮ್ಮ?"

"ಮಾಡ್ಸಿದ್ದು ಸಾರ್. ಯಾರು ಮಾಡಿದ್ದು ಅಂತ ಹೇಳಂಗಿಲ್ಲ."

ಮೇಷ್ಟರು ನಕ್ಕರು. "ಹೆಸರು ಮಾತ್ರ ಶಾಸ್ತ್ರದ್ದಲ್ಲ."

"ಶಾಸ್ತ್ರದ್ದು ಗೊತ್ತಿಲ್ಲ ಸಾರ್. ಗಿಡ ಗೊತ್ತು."

"ಗೊತ್ತಾ? ನೋಡೇಬಿಡೋಣ." ಅವರು ತಮ್ಮ ಚೀಲದಿಂದ ಹತ್ತು ತುಂಡುಗಳನ್ನು ತೆಗೆದು ಮೇಜಿನ ಮೇಲೆ ಸುರಿದರು. ಹೆಸರಿಲ್ಲ, ಚೀಟಿಯಿಲ್ಲ. "ಇದರಲ್ಲಿ ಕ್ಯಾಕ್ಟಸ್ ಯಾವುವು, ಬೇಲಿ ಕಳ್ಳಿಯ ಜಾತಿಯವು ಯಾವುವು, ಬೇರೆ ಮಾಡಿ. ಮೊದಲು ನೀವು ಮೇಡಂ."

ಸರ್ವಮಂಗಳಮ್ಮ ಸರಸರನೆ ವಿಂಗಡಿಸಿದಳು. ಏಣಿರುವುದನ್ನು, ಮುಳ್ಳಿರುವುದನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ. ಮೇಷ್ಟರು ಗುರುತು ಹಾಕಿಕೊಂಡು ಎಲ್ಲವನ್ನೂ ಮತ್ತೆ ಕಲಸಿಟ್ಟರು.

ರಂಗಲಕ್ಷ್ಮಮ್ಮ ಮೇಜಿನ ಹತ್ತಿರ ಬಂದಳು. ಹಿಂದೆ ಹನುಮಂತಮ್ಮನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಒಂದು, ದಿಂಬಿದೆ. ಎರಡು, ಏಣು ಚೆನ್ನಾಗಿದೆ, ಮುಳ್ಳೂ ಇದೆ, ದಿಂಬಿಲ್ಲ, ಆಚೆ. ಮೂರು, ನಾಲ್ಕು, ಐದು. ಒಂಬತ್ತರವರೆಗೆ ಬಂದಳು. ಹತ್ತನೆಯದು ನುಣ್ಣಗಿತ್ತು. ಮುಳ್ಳೇ ಇಲ್ಲ. ಮೇಷ್ಟರು ಬೇಕೆಂದೇ ಎಲ್ಲ ಸವರಿ ತಂದಿದ್ದರು. ದಿಂಬು ಇತ್ತೋ ಇಲ್ಲವೋ ಹೇಳಲು ಗುರುತೇ ಉಳಿದಿರಲಿಲ್ಲ.

ಅವಳು ಅದನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು.

"ಚುಚ್ಚಬಹುದಾ ಸಾರ್?"

"ಚುಚ್ಚಿ."

ಸೆರಗಿನ ಪಿನ್ನು ತೆಗೆದು ಚುಚ್ಚಿದಳು. ಹಾಲಿನ ಒಂದು ಹನಿ, ದಪ್ಪಗೆ, ಮುತ್ತಿನ ಹಾಗೆ ಎದ್ದು ನಿಂತಿತು.

"ಇದು ಬೇಲಿ ನಂಟಸ್ತಿಕೆ ಸಾರ್. ಕ್ಯಾಕ್ಟಸ್ ಮನೇದಲ್ಲ," ಎಂದು ಆಚೆಯ ಗುಂಪಿಗೆ ಇಟ್ಟಳು.

"ಹತ್ತಕ್ಕೆ ಹತ್ತು!" ಎಂದು ಮೇಷ್ಟರು ಮೇಜು ಕುಟ್ಟಿದರು. "ಮೇಡಂ, ನೀವು ಎರಡು ಕಳ್ಳಿಗಳನ್ನ ಕ್ಯಾಕ್ಟಸ್ ಜೊತೆ ಸೇರಿಸಿದ್ರಿ. ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ, ಪರೀಕ್ಷೇಲಿ ನನ್ನ ಹುಡುಗರು ಎಡವೋದೂ ಅಲ್ಲೇ. ಈ ಅಮ್ಮನಿಗೆ ಯಾರು ಹೇಳಿಕೊಟ್ರು?"

ಯಾರೂ ಉತ್ತರ ಕೊಡುವ ಮೊದಲೇ ಅವರು ಪೆನ್ನು ತೆಗೆದು, ರಂಗಲಕ್ಷ್ಮಮ್ಮನ ಹನ್ನೆರಡು ಚೀಟಿಗಳ ಮೇಲೂ ಅವಳ ಹೆಸರುಗಳ ಕೆಳಗೆ ಶಾಸ್ತ್ರದ ಹೆಸರುಗಳನ್ನು ಕನ್ನಡದಲ್ಲೇ ಬರೆದರು. ಅವಳದನ್ನು ಹೊಡೆದುಹಾಕಲಿಲ್ಲ. ಮೇಲೆ ಮೊಲದ ಕಿವಿ, ಕೆಳಗೆ ಶಾಸ್ತ್ರ. ಕೊನೆಯದಾಗಿ ಕೆಂಪು ರಿಬ್ಬನ್ನನ್ನು ಹತ್ತಿಗುಂಡಿನ ಕುಡಿಕೆಗೆ ಕಟ್ಟಿದರು.

ಸರ್ವಮಂಗಳಮ್ಮ ನಿಧಾನವಾಗಿ ಹತ್ತಿರ ಬಂದಳು. ಹತ್ತಿಗುಂಡನ್ನು ಬಾಗಿ ನೋಡಿದಳು, ಆಮೇಲೆ ಹಿಂದೆ ನಿಂತಿದ್ದ ಕಂಡಕ್ಟರ್ ಆಂಜನಪ್ಪನನ್ನು. "ಇದು... ನನ್ನ ಹತ್ರ ಇತ್ತು. ಆವತ್ತು ಬಸ್ಸಲ್ಲಿ ಬಿದ್ದಿದ್ದು. ನಂದು ಅದೇ ವರ್ಷ ಸತ್ತೋಯ್ತು." ಆಮೇಲೆ, "ನಂಗೊಂದು ಮರಿ ಕೊಡ್ತೀರಾ?" ಎಂದಳು.

ರಂಗಲಕ್ಷ್ಮಮ್ಮ ಏಳು ಮರಿಗಳಲ್ಲಿ ಅತಿ ದೊಡ್ಡದನ್ನೇ ಮುರಿದು ಅವಳ ಕರವಸ್ತ್ರದಲ್ಲಿಟ್ಟಳು. "ಹತ್ತು ದಿನ ಸುಮ್ನೆ ನೆರಳಲ್ಲಿ ಇಡಿ. ಗಾಯ ಒಣಗ್ಲಿ. ಪಿಂಗಾಣಿ ಬ್ಯಾಡ ಅಮ್ಮಾವ್ರೇ, ಗುಬ್ಬಿಗೆ ಬನ್ನಿ, ಕುಡಿಕೆ ಕೊಡ್ತೀನಿ."

ಜನ ಕರಗಿದ ಮೇಲೆ ಹನುಮಂತಮ್ಮ ಸೊಸೆಯ ಬಲಗೈಯನ್ನು ಹಿಡಿದು, ಅಂಗೈಯನ್ನು ಮೇಲೆ ಮಾಡಿ, ಮುಳ್ಳು ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ತುಳಸಿ ನೆಟ್ಟ ವರ್ಷ ಬಿಸ್ಲು ಜಾಸ್ತಿ ಇತ್ತು ಕಣೇ," ಎಂದಳು. ಅಷ್ಟೇ. ಏಳು ವರ್ಷದ ತೀರ್ಪನ್ನು ಅವಳು ಅಷ್ಟರಲ್ಲೇ ವಾಪಸು ತೆಗೆದುಕೊಂಡಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ರಂಗಲಕ್ಷ್ಮಮ್ಮ ಬುಟ್ಟಿ ಹೊತ್ತು ಹಿತ್ತಲಿಗೆ ತಿರುಗಿದಳು.

"ಎಲ್ಲಿಗೆ?" ಎಂದಳು ಹನುಮಂತಮ್ಮ. "ಜಗಲಿ ಮೇಲಿಡು. ರಿಬ್ಬನ್ ಇರೋದು ಬೀದಿ ಕಡೆಗ್ ತಿರುಗ್ಸು."

ಮೂರನೆಯ ದಿನಕ್ಕೆ ಕರಿಬಸಮ್ಮ ಬೀದಿ ದಾಟಿ ಬಂದಳು. ಕಂಕುಳಲ್ಲಿ ಒಂದು ತೆಂಗಿನ ಸಸಿ. "ಹನುಮಂತಕ್ಕಾ, ಹಿತ್ಲಲ್ಲಿ ಇದನ್ನ ನೆಡ್ಬೇಕಿತ್ತು. ಒಂದ್ ಗಳಿಗೆ ರಂಗಲಕ್ಷ್ಮೀನ ಕಳ್ಸು, ಅವ್ಳ ಕೈಯಿಂದ ಆಗ್ಲಿ ಅಂತ."

ಒಳಗೆ ಮರಳು ಜರಡಿ ಹಿಡಿಯುತ್ತಿದ್ದ ರಂಗಲಕ್ಷ್ಮಮ್ಮನ ಕೈ ನಿಂತಿತು.

ಹನುಮಂತಮ್ಮ ಜಗಲಿಯ ಮೇಲೆ ಕಾಲು ಚಾಚಿ, ಎಲೆಗೆ ಸುಣ್ಣ ಸವರಿ, ಮಡಿಚಿ ಬಾಯಿಗಿಟ್ಟುಕೊಂಡಳು. "ಇವತ್ ಆಗಾಕಿಲ್ಲ ಕಣಮ್ಮಿ. ಬೆಳಿಗ್ಗೆಯಿಂದ ಇಬ್ರು ಬಂದ್ ಹೇಳೋಗವ್ರೆ. ನಿಂದು ಮೂರ್ನೇ ನಂಬರು. ಸಸೀನ ನೆರಳಲ್ಲಿಟ್ಟು ಬುಧವಾರ ಬಾ."